ಮೆಣಸಿನ ಹೊಗೆಯ ಪರವಾಗಿ

ವಹಾಕ, ಮೆಕ್ಸಿಕೊ
ಶುಕ್ರವಾರ

ನಗರದ ಅಗ್ನಿಸುರಕ್ಷಾ ಅಧಿಕಾರಿಗಳಿಗೆ,

ನಮ್ಮ ಬೀದಿಯ ದೋನ್ಯಾ ಒದಿಲಿಯಾ ಇನ್ನು ಮೆಣಸಿನಕಾಯಿ ಸುಡಕೂಡದು ಎಂಬ ನಿಮ್ಮ ನೋಟಿಸನ್ನು ಎರಡು ಸಲ ಓದಿದೆ. ಎರಡು ಸಲವೂ ಸಿಟ್ಟು ಬಂತು. ಒಣಮೆಣಸು ಬೀಜಸಮೇತ ಕರಕಲಾಗದೆ ನಮ್ಮ ಕಪ್ಪು ಸಾರು ಆಗುವುದಿಲ್ಲ. ಆ ಸಾರಿಲ್ಲದೆ ಆಕೆಯ ನಾಲ್ಕು ಮೇಜಿನ ಊಟದ ಮನೆ ಉಳಿಯುವುದಿಲ್ಲ.

ಮಂಗಳವಾರ ಹೊಗೆ ಕಂಡು ಹೆದರಿ ನಿಮಗೆ ಫೋನ್ ಮಾಡಿದವನು ಎದುರು ಮನೆಗೆ ಹೊಸದಾಗಿ ಬಂದ ಎವರಾರ್ದೊ. ನಿಮ್ಮ ಆರು ಜನ ಕೊಳವೆ ಹಿಡಿದು ನುಗ್ಗಿದರು.

"ನೀರು ಬಿಟ್ಟೀರಾ ಮತ್ತೆ, ಸಾರು ತೆಳ್ಳಗಾಗತ್ತೆ! ಆ ಕೊಳವೆ ಹೊರಗಿಟ್ಟು ಕೈ ತೊಳ್ಕೊಂಡು ಬನ್ರಪ್ಪಾ," ಎಂದಳು ಒದಿಲಿಯಾ. ಬಾಗಿಲಲ್ಲಿದ್ದ ಎವರಾರ್ದೊನನ್ನೂ ಬಿಡಲಿಲ್ಲ. "ಇಷ್ಟು ಜನರನ್ನ ಊಟಕ್ಕೆ ಕರೆಸಿದೋನು ನೀನೇ ತಾನೆ? ಬಾ, ರೊಟ್ಟಿ ಬಡಿಸು."

ಏಳು ಜನರೂ ತಟ್ಟೆ ಬಳಿದು ತಿಂದರು. ನಿಮ್ಮ ತಂಡದ ನಾಯಕರು ಮೂರು ಸಲ ಹಾಕಿಸಿಕೊಂಡರು. ನೋಟಿಸಿನಲ್ಲಿ ಅದರ ಸುಳಿವೇ ಇಲ್ಲ.

೧೯೮೩ರಲ್ಲಿ, ಈ ಊರಿಗೆ ಹೊಸಬನಾಗಿ, ಇದೇ ಹೊಗೆಗೆ ಬೆದರಿ ನಿಮ್ಮ ಕಚೇರಿಗೆ ಓಡಿಬಂದವನು ನಾನು. ಅಂದಿನ ಅಧಿಕಾರಿ ನೋಟಿಸು ಬರೆಯಲಿಲ್ಲ. ಕೈಹಿಡಿದು ಕರೆತಂದು ಒದಿಲಿಯಾಳ ತಾಯಿಯ ಮೇಜಿನ ಮುಂದೆ ಕೂರಿಸಿದರು. ಇಂದಿಗೂ ಅಲ್ಲೇ ಉಣ್ಣುತ್ತಿದ್ದೇನೆ.

ನೋಟಿಸು ಹಿಂತೆಗೆದುಕೊಳ್ಳಿ. ಬರುವ ಮಂಗಳವಾರ ಒದಿಲಿಯಾ ಮತ್ತೆ ಮೆಣಸು ಸುಡುತ್ತಾಳೆ. ಈ ಸಲ ನೀವೇ ಹಸಿದುಕೊಂಡು ಬನ್ನಿ. ಒಲೆಯ ಮುಂದೆ ಕೆಮ್ಮುತ್ತಾ ಬೀಸಣಿಗೆ ಬೀಸುವವನು ಎವರಾರ್ದೊ. ಈ ಪತ್ರಕ್ಕೆ ನನಗಿಂತ ಮೊದಲು ಸಹಿ ಹಾಕಿದವನೂ ಅವನೇ.

ಎವರಾರ್ದೊ ಕಿರೋಸ್, ಎದುರು ಮನೆ
ಫೌಸ್ತಿನೊ ಬರಾಗಾನ್, ನಿವೃತ್ತ ಇತಿಹಾಸ ಮೇಷ್ಟ್ರು, ಕಿಟಕಿ ಪಕ್ಕದ ಮೇಜು