ಮಂಚಯ್ಯನ ಮೇಲೆ ಮಚ್ಚೆತ್ತಬೇಡ

ಕೆಂಪರಾಜ,

ಮಚ್ಚನ್ನು ನಾನೇ ಬಚ್ಚಿಟ್ಟಿದ್ದೇನೆ, ಹುಡುಕಬೇಡ. ಮಂಚಯ್ಯನನ್ನು ಕಡಿಯುತ್ತೇನೆಂದು ಆಸ್ಪತ್ರೆಗೆ ಬಂದೀಯ, ಜೋಕೆ.

ಕರಿಘಟ್ಟದ ಕೆಳಗಿನ ಗದ್ದೆಗೆ ಹುಳದ ಔಷಧಿ ಹೊಡೆಯುವಾಗ ಅವನಿಗೆ ವಿಷ ಮೈಗೇರಿತ್ತು. ಅದನ್ನು ಇಳಿಸಲು ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಿದ್ದೆವು. ಮೊನ್ನೆ ಅದೇ ಅತಿಯಾಗಿ ತಲೆಗೇರಿತು. ಗ್ಲೂಕೋಸ್ ಸ್ಟ್ಯಾಂಡು ಕಿತ್ತು ನನ್ನ ಬಾಯಿಗೆ ಬಾರಿಸಿದ, ಹಲ್ಲು ಮುರಿಯಿತು. ನೆಲಕ್ಕೆ ಕೆಡವಿ ಕತ್ತು ಹಿಸುಕಿದ. ಅವನ ಕೈ ಬೆವರಿಲ್ಲದೆ ಒಣಗಿ ಕೆಂಡದಂತೆ ಸುಡುತ್ತಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು. ಮದ್ದು ಹೆಚ್ಚಾಗಿದೆಯೆಂದು ಆಗಲೇ ತಿಳಿಯಿತು.

ವಾರ್ಡಿನವರು ಬಿಡಿಸಿದ ಮೇಲೆ ಅವನ ಹೆಂಡತಿ, "ಇನ್ನೊಂದು ಸೂಜಿ ಚುಚ್ಚಿ ಮಲಗ್ಸಿಬುಡಿ ಸಿಸ್ಟ್ರೇ" ಎಂದು ಅಂಗಲಾಚಿದಳು.

"ಅದೇ ಸೂಜಿ ಕೊಟ್ರೆ ಸತ್ತೋಯ್ತಾನೆ ಕಣವ್ವ" ಎಂದೆ. ರಕ್ತ ಉಗುಳುತ್ತಲೇ ಓಡಿ ಡಾಕ್ಟರಿಗೆ ಹೇಳಿ ಅಟ್ರೋಪಿನ್ ನಿಲ್ಲಿಸಿದೆ.

ಮುದ್ದೆ ಮುಚ್ಚಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೊ. ನನಗೆ ಗಂಜಿ ಮಾಡಿಡು, ಅಗಿಯಲು ಆಗುತ್ತಿಲ್ಲ.

ನಿನ್ನೆ ಅವನಿಗೆ ಬುದ್ಧಿ ತಿಳಿಯಾಯಿತು. ನನ್ನ ಊದಿದ ಮುಖ ನೋಡಿ, "ಇಂಗೆ ಒಡ್ದೋನು ಯಾವನವ್ವ? ಅವನ ಕೈ ಸೇದೋಗ!" ಎಂದು ಶಾಪ ಹಾಕಿದ.

ಬಚ್ಚಲಲ್ಲಿ ಜಾರಿ ಬಿದ್ದೆ ಅಂದಿದ್ದೇನೆ. ಯಾರು ಕೇಳಿದರೂ ನೀನೂ ಅದನ್ನೇ ಹೇಳು.

ಅಕ್ಕ