ಉಳಿದ ಸಂಜೆ ಯಾರದು?

ಪಕ್ಕದ ಕುರ್ಚಿಯ ಅಕ್ಕನಿಗೆ,

ನಾಳೆಯಿಂದ ನಾನು ಮೇಲಿನ ಮಹಡಿಯಲ್ಲಿ ಕೂರಬೇಕಂತೆ. ಎಲ್ಲ ವಿಭಾಗಗಳಿಗೂ ಮ್ಯಾಕ್ರೋ ಬರೆದುಕೊಡಬೇಕಂತೆ. ಇದನ್ನೆಲ್ಲ ಎದುರಿಗೆ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಒಂದೊಂದೇ ಗೋದಾಮಿನ ಎಕ್ಸೆಲ್ ಫೈಲು ತೆರೆದು, ಸೆಲ್‌ಗಳನ್ನು ಕಾಪಿ ಮಾಡಿ, ದೊಡ್ಡ ಫೈಲಿನ ಕೊನೆಯ ಸಾಲಿನ ಕೆಳಗೆ ಪೇಸ್ಟ್ ಮಾಡಿ ಮಾಡಿ ನಿನ್ನ ಮಣಿಕಟ್ಟು ಊದಿಕೊಂಡಿತ್ತು. ಶಿಶುವಿಹಾರದ ಬಾಗಿಲು ಹಾಕುವ ಹೊತ್ತಿಗೂ ನೀನು ಇಲ್ಲೇ. ಮಗಳು ಅಲ್ಲಿ ಕಾವಲುಗಾರನ ಪಕ್ಕ ಕೂತು ಅತ್ತು ಅತ್ತು ನಿದ್ದೆ ಹೋಗಿರುತ್ತಿದ್ದಳು. ಯಂತ್ರ ಬಂದರೆ ದುಡಿಯುವವರಿಗೆ ಬಿಡುವು ಸಿಗುತ್ತದೆ ಎಂದು ಕರಪತ್ರಗಳಲ್ಲಿ ಓದಿದ್ದೆ. ನಂಬಿ, ಈ ಕೆಲಸವನ್ನೆಲ್ಲ ಎಕ್ಸೆಲ್ ತಾನೇ ಮಾಡಿಕೊಳ್ಳುವಂತೆ ಒಂದು ಮ್ಯಾಕ್ರೋ ಬರೆದೆ. ಒಂದು ಬಟನ್ ಒತ್ತಿದ್ದೇ ಫೈಲುಗಳು ತಾವೇ ತೆರೆದುಕೊಂಡು, ಇದ್ದದ್ದನ್ನು ದೊಡ್ಡ ಫೈಲಿಗೆ ಸುರಿದು, ತಾವೇ ಮುಚ್ಚಿಕೊಂಡವು. "ಅಯ್ಯೋ ಕ್ರಾಂತಿಮರಿ, ಬಂದೇಬಿಡ್ತಲ್ಲೋ ನಿನ್ನ ಕ್ರಾಂತಿ!" ಅಂದೆ ನೀನು. ಆ ವಾರವೆಲ್ಲ ನೀನು ಬಿಸಿಲಿರುವಾಗಲೇ ಮನೆಗೆ ಹೋದೆ.

ಮುಂದಿನ ವಾರ ಮೇಲ್ವಿಚಾರಕರು ಇನ್ನೊಂದು ಊರಿನ ಫೈಲುಗಳನ್ನೂ ನಿನ್ನ ತಲೆಗೆ ಕಟ್ಟಿದರು. "ಹೆಂಗೂ ಬಿಡುವಾಗಿದ್ದೀರಲ್ಲಮ್ಮ." ಆ ಫೈಲುಗಳಲ್ಲಿ ಒಂದರ ಕಾಲಮ್ ಇದ್ದ ಜಾಗದಲ್ಲಿ ಇನ್ನೊಂದರದ್ದಿಲ್ಲ, ನನ್ನ ಮ್ಯಾಕ್ರೋ ತತ್ತರಿಸಿತು. ಮತ್ತೆ ನಿನ್ನ ಕೈಯೇ ಗತಿಯಾಯಿತು. ನಾನು ಸಿಡಿದೆದ್ದು, ಉಳಿದ ಹೊತ್ತು ನಮ್ಮದು, ಬಾ ಕೇಳೋಣ ಎಂದೆ. ನೀನು ಮಣಿಕಟ್ಟು ನೀವಿಕೊಳ್ಳುತ್ತಾ, "ನಿನ್ನ ಕರಪತ್ರ ಹೋಗಿ ನನ್ನ ಮಗೂನ ಕರ್ಕೊಂಡು ಬರುತ್ತೇನೋ? ಆ ಮ್ಯಾಕ್ರೋಗೂ ನಮ್ಮ ಹಂಗೆ ಒಂಚೂರು ಸುಸ್ತಾಗೋದು ಕಲಿಸು, ಸಾಕು" ಎಂದೆ.

ಕಲಿಸಿದ್ದೇನೆ, ಅಕ್ಕ. ಈಗ ಅದು ಕಾಲಮ್ಮಿನ ಹೆಸರು ಹುಡುಕಿಕೊಂಡು ಹೊಸ ಫೈಲುಗಳನ್ನೂ ತುಂಬುತ್ತದೆ. ಆದರೆ ಒಂದು ಮುಗಿಸಿ ಇನ್ನೊಂದನ್ನು ತೆರೆಯುವ ಮೊದಲು ಸುಮ್ಮನೆ ಕಾಯುತ್ತದೆ. ಕತ್ತಲಾಗುವ ತನಕ ತೆವಳುತ್ತದೆ. ಅದು ಓಡುತ್ತಿರುವಷ್ಟು ಹೊತ್ತು ನಿನ್ನನ್ನು ಬಿಡುವಾಗಿದ್ದೀಯೆಂದು ಯಾರೂ ಅನ್ನಲಾರರು. ಹಕ್ಕನ್ನು ಹೀಗೆ ಕದ್ದು ತಿನ್ನುವುದು ನನಗೆ ಸೇರುವುದಿಲ್ಲ. ಕೇಳಿ ಪಡೆಯಬೇಕು. ನಾಳೆ ಮೇಲೆ ಹೋದವನೇ ಕೇಳುತ್ತೇನೆ: ಮ್ಯಾಕ್ರೋ ಉಳಿಸುವ ಹೊತ್ತು ಅದನ್ನು ಓಡಿಸುವವರದು ಎಂದು ಬರೆದುಕೊಟ್ಟರೆ ಮಾತ್ರ ಇನ್ನೊಂದು ಸಾಲು ಬರೆಯುತ್ತೇನೆ. ಕೊಡಲಾರರು, ಗೊತ್ತು. ಸಂಜೆಯೊಳಗೆ ನಾನು ಬೀದಿಯಲ್ಲಿರಬಹುದು. ಜಗಳವಾಡುವ ಮೊದಲೇ ಮೈಯೆಲ್ಲ ಸೋತಂತಿದೆ.

ನೀನು ಮಾತ್ರ ನನಗಾಗಿ ನಿಲ್ಲಬೇಡ. ಬಟನ್ ಒತ್ತಿ, ಚೀಲ ಹೆಗಲಿಗೇರಿಸಿ ಹೊರಡು. ಯಾರಾದರೂ ತಡೆದರೆ "ಓಡ್ತಾ ಇದೆ ಸಾರ್" ಅನ್ನು. ಅದು ಸುಳ್ಳಲ್ಲ.

ನಿನ್ನ ಕೈ ಬೇಗ ವಾಸಿಯಾಗಲಿ, ಅಕ್ಕ.

ದಣಿದಿರುವ, ಇನ್ನೂ ನಂಬಿರುವ
ನಿನ್ನ ಕ್ರಾಂತಿಮರಿ