ಬೆನ್ನು ನೋಡುವ ಸರದಿ

ಮೇ ೧೧, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೈಯಬೇಡ, ಎರಡು ಸಲ ಬರೆದು ಹರಿದುಹಾಕಿದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವ ಸೊಳ್ಳೆ ಬ್ಯಾಟು ಹಿಡಿದು ಮನೆಯೆಲ್ಲ ಟೆನಿಸ್ ಆಡುತ್ತಾರೆ. ಸತ್ತ ಸೊಳ್ಳೆಗಿಂತ ಒಡೆದ ಲೋಟವೇ ಹೆಚ್ಚು.

ನಿನ್ನ ಮಗಳು ಗೆಳತಿಯರ ಜೊತೆ ಕಾಡಿನಲ್ಲಿ ನಡೆಯಲು ಹೊರಟಿದ್ದಾಳೆಂಬ ಸಾಲನ್ನು ಎರಡೆರಡು ಸಲ ಓದಿದೆ. “ಹುಳಹುಪ್ಪಟೆ ವಿಷಯ ನಿನಗೇ ಚೆನ್ನಾಗಿ ಗೊತ್ತು ಅಕ್ಕ, ಬರೆದು ಕಳಿಸು” ಎಂದಿದ್ದೀಯ. ತುಂಬುತೋಳಿನ ತಿಳಿಬಣ್ಣದ ಅಂಗಿ ಹಾಕಲಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಲಿ. ಚಂದ ಕಾಣಬೇಕೆಂದರೆ ಮನೆಯಲ್ಲೇ ಇರಲಿ. ಸೊಳ್ಳೆಗೆ ಮುಲಾಮು ಹಚ್ಚಿಕೊಂಡರಾಯಿತು. ಹುಲ್ಲಿನಿಂದ ಹತ್ತಿಕೊಳ್ಳುವ ಉಣುಗು ಹಾಗಲ್ಲ, ಕಚ್ಚಿದ್ದೇ ತಿಳಿಯುವುದಿಲ್ಲ. ದಿನಾ ಸಂಜೆ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ತಡವಿ ನೋಡಿಕೊಳ್ಳಲಿ. ಸಿಕ್ಕರೆ ಚಿಮಟದಿಂದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಲಿ, ಬೆಂಕಿಕಡ್ಡಿ ತಾಗಿಸುವುದು ಬೇಡ. ಬೆನ್ನನ್ನು ಮಾತ್ರ ಇನ್ನೊಬ್ಬರೇ ನೋಡಬೇಕು. ಹಿಂದೆ ಗುಂಪಿನ ಜೊತೆ ಕಾಡಿಗೆ ಹೋದಾಗ ನಾವಿಬ್ಬರೂ ಹಾಗೇ ಸರದಿ ಮಾಡಿಕೊಂಡಿದ್ದೆವಲ್ಲ.

ಆ ಪ್ರವಾಸದಲ್ಲಿ ಕಚ್ಚಿದ ಒಂದೇ ಉಣುಗಿನ ಜ್ವರ ನಿನ್ನ ಮಂಡಿಯನ್ನು ತಿಂದುಹಾಕಿತು. ಬಸ್ಸಿನಲ್ಲಿ ದಿನವಿಡೀ ನಿಂತು ಟಿಕೆಟ್ ಕೊಡುತ್ತಿದ್ದವಳು ಡಿಪೋದ ಕುರ್ಚಿಗೆ ಅಂಟಿಕೊಂಡು ಒಂಬತ್ತು ವರ್ಷವಾಯಿತು. ಯಾರಾದರೂ ಕೇಳಿದರೆ, “ಪಾಪ, ಅಕ್ಕ ನೋಡಿದ್ಲು, ಬೆಳಕು ಸಾಲದೆ ಕಾಣ್ಲಿಲ್ಲ” ಎನ್ನುತ್ತೀಯ. ನೀನು ಹಾಗಂದಾಗಲೆಲ್ಲ ನಾನು ಏನೋ ನೆಪ ಹೇಳಿ ಅಡುಗೆಮನೆಗೆ ಎದ್ದು ಹೋಗುತ್ತೇನೆ.

ಮಗಳು ಸುಖವಾಗಿ ಹೋಗಿ ಬರಲಿ. ನಿನ್ನ ನೋವು ಕಡಿಮೆಯಾಗಲಿ, ನೂರು ವರ್ಷ ಬಾಳು.

ನಿನ್ನ
ಅಕ್ಕ

ಇನ್ನೊಂದು ಮಾತು. ಅಂದು ಸಂಜೆ ಬೆಳಕು ಬೇಕಾದಷ್ಟಿತ್ತು, ಗುಬ್ಬಿ. ನಿನ್ನ ಎಡಭುಜದ ಕೆಳಗೆ ಎಳ್ಳಿನಷ್ಟು ಉಣುಗು ನನಗೆ ಕಂಡಿತ್ತು. ನಾನು ದಾರಿ ತಪ್ಪಿಸಿದ್ದಕ್ಕೆ ಮಧ್ಯಾಹ್ನ ನೀನು ಗುಂಪಿನವರೆಲ್ಲರೆದುರು ನಕ್ಕಿದ್ದೆ. ಆ ಸಿಟ್ಟು ಇಳಿದಿರಲಿಲ್ಲ. ಇವತ್ತೊಂದಿನ ಕಚ್ಚಲಿ, ಬೆಳಿಗ್ಗೆ ಕಿತ್ತರಾಯಿತು ಎಂದುಕೊಂಡೆ. ಬೆಳಿಗ್ಗೆ ಮರೆತೇಬಿಟ್ಟೆ. “ಏನೂ ಇಲ್ಲ ಕಣೇ” ಎಂದು ನಾನು ಹೇಳಿದ ಕೂಡಲೇ ನೀನು ಅಂಗಿ ಹಾಕಿಕೊಂಡು, “ಈಗ ನೀನು ತಿರುಗಕ್ಕ” ಎಂದೆ. ನನ್ನ ಬೆನ್ನಿನಿಂದ ನೀನು ಎರಡು ಉಣುಗು ಕಿತ್ತು ಹಾಕಿದೆ.